ಮನೆದೇವರ ದಿನ ಇಂಟರ್ನೆಟ್ ಬಂದದ್ದು

ಸ್ಟೊಯಾದಿನ್ ತನ್ನ ತಮ್ಮ ರಾತೊಮಿರನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ಒಂದು ತಾಮ್ರದ ಹಂಡೆ. ಪ್ಲಮ್ ಹಣ್ಣಿನಿಂದ ರಾಕಿಯಾ ಇಳಿಸುವ ಭಟ್ಟಿಯ ಹಂಡೆ ಅದು. ಅಪ್ಪ ಸಾಯುವಾಗ ಇಬ್ಬರೂ ಹಂಚಿಕೊಳ್ಳಿ ಎಂದಷ್ಟೇ ಹೇಳಿ ಕಣ್ಣುಮುಚ್ಚಿದ. ಹಂಡೆಯನ್ನು ಹೇಗೆ ಹಂಚಿಕೊಳ್ಳುವುದು ಎಂದು ಹೇಳಿಹೋಗುವಷ್ಟು ವ್ಯವಧಾನ ಅವನಿಗಿರಲಿಲ್ಲ.

ಅಣ್ಣ ಇರುವುದು ವಾಲ್ಯೆವೊದಲ್ಲಿ, ತಮ್ಮ ಊಝಿತ್ಸೆಯಲ್ಲಿ. ಆದ್ದರಿಂದ ಹಂಡೆಯನ್ನು ನಡುದಾರಿಯ ಕೊಸ್ಯೆರಿಚ್‌ನಲ್ಲಿ ಒಬ್ಬ ದನದ ಡಾಕ್ಟರರ ಕೊಟ್ಟಿಗೆಯಲ್ಲಿಟ್ಟು, ಬಾಗಿಲಿಗೆ ಎರಡು ಬೀಗ ಜಡಿದರು. ಒಂದರ ಕೈ ಅಣ್ಣನ ಹತ್ತಿರ, ಇನ್ನೊಂದರದು ತಮ್ಮನ ಹತ್ತಿರ. ಹನ್ನೊಂದು ವರ್ಷದಲ್ಲಿ ಆ ಬಾಗಿಲು ಒಮ್ಮೆಯೂ ತೆರೆಯಲಿಲ್ಲ. ಪ್ರತಿ ವರ್ಷ ಇಬ್ಬರೂ ತಮ್ಮ ತಮ್ಮ ಪ್ಲಮ್ ಹಣ್ಣುಗಳನ್ನು ಹೊತ್ತು ಕಂಡವರ ಭಟ್ಟಿಯ ಮುಂದೆ ಸರದಿ ನಿಲ್ಲುತ್ತಿದ್ದರು.

ಸ್ಟೊಯಾದಿನ್ ನೀರು ಸರಬರಾಜು ಕಚೇರಿಯಲ್ಲಿ ವಾಲ್ವ್ ತಿರುಗಿಸುವ ಕೆಲಸದವನು. ಐವತ್ತೇಳು ವರ್ಷ, ದಪ್ಪ ಬೆರಳು, ಎಡಮಂಡಿ ಕೆಟ್ಟಿತ್ತು. ಯಾರೇ ಕೇಳಿದರೂ ಹಂಡೆ ನನಗೆ ಬೇಕು, ಅಷ್ಟೇ ಎನ್ನುತ್ತಿದ್ದ. ಶುದ್ಧ ಸುಳ್ಳು. ಹಂಡೆಯ ಮೇಲೆ ಅವನಿಗೆ ಎಳ್ಳಷ್ಟೂ ಆಸೆ ಉಳಿದಿರಲಿಲ್ಲ. ತಮ್ಮನ ದನಿ ಒಮ್ಮೆ ಕಿವಿಗೆ ಬಿದ್ದರೆ ಸಾಕಾಗಿತ್ತು. ಆದರೆ ಮೊದಲು ಫೋನ್ ಎತ್ತಿದವನು ಸೋತ ಹಾಗೆ ಎಂದು ಇಬ್ಬರೂ ನಂಬಿದ್ದರು. ಒಂದೇ ತಾಯಿಯ ಮಕ್ಕಳು, ಮೊಂಡುತನದಲ್ಲಾದರೂ ಸಮಪಾಲು ಪಡೆದಿದ್ದರು.

ಈ ಇಬ್ಬರ ನಡುವೆ ಬಡವಾದವಳು ಅಕ್ಕ ದೆಸಾಂಕಾ. ಅಪ್ಪನ ಮನೆದೇವರು ನಿಕೋಲಾ ಸಂತ. ಡಿಸೆಂಬರ್ ಹತ್ತೊಂಬತ್ತಕ್ಕೆ ಅಣ್ಣನ ಮನೆಯಲ್ಲೂ ಸ್ಲಾವಾ ಎಂಬ ಮನೆದೇವರ ಹಬ್ಬ, ತಮ್ಮನ ಮನೆಯಲ್ಲೂ ಸ್ಲಾವಾ. ಒಂದೇ ದಿನ, ಒಂದೇ ಸಂತ, ಎರಡು ಮನೆ. ಅಕ್ಕ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ ಎಂದು ಓಡಾಡಿ ಸೋತು, ಈ ನವೆಂಬರಿನಲ್ಲಿ ಇಬ್ಬರಿಗೂ ಫೋನ್ ಮಾಡಿ ತೀರ್ಪು ಕೊಟ್ಟಳು. ಹುಡುಗರಾಗಿದ್ದಾಗ ಜಗಳ ಬಂದರೆ ಚೆಂಡು ಒದ್ದು ಮುಗಿಸುತ್ತಿದ್ದಿರಿ, ಈಗ ಮಂಡಿ ಹೋಗಿದೆ, ಬೆರಳಲ್ಲಾದರೂ ಒದೆಯಿರಿ ಎಂದಳು. ಅವಳ ಗಂಡನದು ಕ್ರಾಗುಯೆವಾತ್ಸ್‌ನಲ್ಲಿ ಹಳೆಯ ಟಿವಿ, ಗೇಮ್ ಪೆಟ್ಟಿಗೆ ರಿಪೇರಿ ಅಂಗಡಿ. ಒಂದೇ ತರಹದ ಎರಡು ಗೇಮ್ ಪೆಟ್ಟಿಗೆಗಳನ್ನು ಬಸ್ ಚಾಲಕರ ಕೈಯಲ್ಲಿ ಕೊಟ್ಟು ಎರಡು ಊರಿಗೂ ಕಳಿಸಿದಳು.

ಷರತ್ತು ಸರಳ. ಸ್ಲಾವಾ ದಿನ ಸಂಜೆ ಆರಕ್ಕೆ ಇಂಟರ್ನೆಟ್ಟಿನಲ್ಲಿ ಒಂದು ಫುಟ್ಬಾಲ್ ಪಂದ್ಯ. ಇಬ್ಬರೂ ಮನೆಯಲ್ಲಿ ಇದ್ದೇ ಇರುವ ದಿನ ಅದೊಂದೇ. ಗೆದ್ದವನಿಗೆ ಹಂಡೆ. ಆರಕ್ಕೆ ಮೈದಾನಕ್ಕೆ ಬಾರದವನು ಸೋತ ಹಾಗೆ. ಇಬ್ಬರೂ ಬಾರದಿದ್ದರೆ ಅವಳು ಇನ್ನು ಯಾರ ಸ್ಲಾವಾಕ್ಕೂ ಕಾಲಿಡುವುದಿಲ್ಲ.

ಸ್ಟೊಯಾದಿನ್ ಎರಡು ವಾರ ಆ ಪೆಟ್ಟಿಗೆಯ ಎದುರು ಕೂತು ಅಭ್ಯಾಸ ಮಾಡಿದ. ಅವನ ಒಂದು ಬೆರಳಿಗೆ ಮೂರು ಗುಂಡಿ ಒಟ್ಟಿಗೆ ಒತ್ತಿಹೋಗುತ್ತಿದ್ದವು. ಆದರೂ ಹದಿನೇಳನೆಯ ತಾರೀಕಿನ ಹೊತ್ತಿಗೆ ಚೆಂಡನ್ನು ತಾನು ಅಂದುಕೊಂಡ ಕಡೆಗೆ ಒದೆಯುವುದನ್ನು ಕಲಿತಿದ್ದ. ಅದೇ ದಿನ ಇಂಟರ್ನೆಟ್ ಕಂಪನಿಯಿಂದ ಮಿಲ್ಕೊ ಎಂಬವನು ಬಂದು ಲೈನ್ ಎಳೆದ. ಹಳೆಯ ಟೆಲಿಫೋನಿನ ತೂತು ಉಗ್ರಾಣದಲ್ಲಿದ್ದುದರಿಂದ ಮೋಡೆಮ್ ಅಲ್ಲೇ ಕಪಾಟಿನ ಮೇಲೆ ಕೂತಿತು. ಗೇಮ್ ಪೆಟ್ಟಿಗೆ ವೈಫೈ ಹಿಡಿಯಿತು. ಎಲ್ಲ ಸರಿಯಾಗಿತ್ತು.

ಹದಿನೆಂಟರ ಸಂಜೆ ನೋಡಿದರೆ ವೈಫೈ ಸಿಗುತ್ತಿಲ್ಲ ಎಂದು ತೆರೆಯ ಮೇಲೆ ಬಂತು. ಸ್ಟೊಯಾದಿನ್ ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದ, ಊದಿದ, ತಟ್ಟಿದ, ಕೊನೆಗೆ ಅದರ ಅಪ್ಪನ ಹೆಸರೆತ್ತಿ ಬೈದ. ಕಂಪನಿಗೆ ಫೋನ್ ಮಾಡಿದಾಗ ಒಬ್ಬ ಹುಡುಗಿ, ನಾಳೆ ಎಂಟರಿಂದ ನಾಲ್ಕರೊಳಗೆ ಜನ ಬರುತ್ತಾರೆ ಎಂದಳು. ನಾಳೆ ನಮ್ಮ ಸ್ಲಾವಾ ಎಂದ. ನಮ್ಮದೂ ಅದೇ, ಶುಭವಾಗಲಿ ಎಂದು ಹಾರೈಸಿ ಇಟ್ಟುಬಿಟ್ಟಳು.

ನಿಕೋಲಾ ಸಂತನ ದಿನ ನಮ್ಮೂರಲ್ಲಿ ಅರ್ಧ ಜನ ಸ್ಲಾವಾ ಮಾಡುತ್ತಾರೆ, ಉಳಿದರ್ಧ ಜನ ಅವರ ಮನೆಗಳಲ್ಲಿ ಉಣ್ಣುತ್ತಾರೆ. ಯಾರನ್ನೂ ಕರೆಯುವಂತಿಲ್ಲ, ಬಂದವರನ್ನು ಕಳಿಸುವಂತಿಲ್ಲ. ಯಜಮಾನನಾದವನು ಬೆಳಗಿನಿಂದ ಕೊನೆಯ ಅತಿಥಿ ಏಳುವವರೆಗೆ ಕೂರದೆ ನಿಂತೇ ಬಡಿಸಬೇಕು. ಅವತ್ತು ಮನೆಯಲ್ಲಿ ಯಾವ ಕೆಲಸವೂ ನಡೆಯಬಾರದು. ಅದರಲ್ಲೂ ಅತಿಥಿಯ ಕೈಲಿ ಕೆಲಸ ಮಾಡಿಸಿದ ಮನೆಯ ಹೆಸರು ಮೂರು ತಲೆಮಾರು ಏಳುವುದಿಲ್ಲ.

ಹೆಂಡತಿ ರಾದೊಯ್ಕಾ ಇದನ್ನೆಲ್ಲ ಯೋಚಿಸಿಯೇ ಗಂಡನಿಗೆ ತಾಕೀತು ಮಾಡಿದ್ದಳು. ಮಿಲ್ಕೊ ಬಂದ ಕೂಡಲೇ ಬಾಯಿ ತೆರೆಯಲು ಬಿಡಬೇಡ, ಬಾಗಿಲಿನಿಂದ ನೇರ ಮೋಡೆಮ್ ಹತ್ತಿರ ಕರೆದುಕೊಂಡು ಹೋಗು ಎಂದು. ಆದರೆ ಮಿಲ್ಕೊ ಒಳ್ಳೆಯ ಮನೆತನದವನು. ಹನ್ನೊಂದಕ್ಕೆ ಬಾಗಿಲು ತೆರೆದದ್ದೇ ತಡ, ಟೋಪಿ ತೆಗೆದು, "ಸ್ಲಾವಾ ಶುಭವಾಗ್ಲಿ, ಯಜಮಾನ್ರೇ" ಎಂದು ಮೂರು ಸಲ ಕೆನ್ನೆಗೆ ಮುತ್ತಿಟ್ಟ. ಸ್ಟೊಯಾದಿನ್‌ನ ಕೈ ತಾನಾಗಿಯೇ ಪೂಜೆಯ ಸಿಹಿ ಗೋಧಿಯ ಬಟ್ಟಲನ್ನು ಮುಂದೆ ಚಾಚಿತು. ಮಿಲ್ಕೊ ಒಂದು ಚಮಚ ಬಾಯಿಗಿಟ್ಟ. ಅಲ್ಲಿಗೆ ಅವನು ಅತಿಥಿಯಾದ.

ಒಂದು ಲೋಟ ಏರಿಸಿದ ಮೇಲೆ ಪಾಪ ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದದ್ದುಂಟು. ಮೇಜಿನ ತಲೆಯಲ್ಲಿ ಕೂತಿದ್ದವಳು ಕೆಳಮನೆಯ ಝಿವಾನಜ್ಜಿ. ಎಂಬತ್ತಾರು ವರ್ಷದಲ್ಲಿ ನಾಲ್ಕು ಸಾವಿರ ಸ್ಲಾವಾ ಉಂಡವಳು, ಪದ್ಧತಿಯ ವಿಷಯದಲ್ಲಿ ಪಾದ್ರಿಯನ್ನೇ ತಿದ್ದುವವಳು.

"ಏನಪ್ಪಾ ಅದು ಕೈಲಿ?" ಎಂದಳು.

"ಮೋಡೆಮ್ ನೋಡೋಣ ಅಂತ, ಅಜ್ಜಿ."

"ಈ ಪೆಟ್ರೋನಿಯೆವಿಚ್ ಮನೆತನದಲ್ಲಿ ಈಗ ಬಂದೋರ ಕೈಲಿ ದುಡಿಸ್ಕೊಂಡು ಊಟ ಹಾಕ್ತಾರೇನು?"

ಸ್ಟೊಯಾದಿನ್‌ನ ಕಿವಿ ಕೆಂಪಾಯಿತು. ಯಾವ ಸ್ಕ್ರೂಡ್ರೈವರಿಗಾಗಿ ಇಡೀ ರಾತ್ರಿ ಕಾದಿದ್ದನೋ ಅದನ್ನು ತಾನೇ ಕಿತ್ತುಕೊಂಡು ಬೀರುವಿನ ತಲೆಯ ಮೇಲಿಟ್ಟು, ಮಿಲ್ಕೊನ ತಟ್ಟೆಗೆ ಮೀನು ಬಡಿಸಿದ.

ಮಿಲ್ಕೊ ಎಲ್ಲಿ ಹೋದ ಎಂದು ಕಂಪನಿಯಿಂದ ಫೋನ್ ಮೇಲೆ ಫೋನ್. ಎರಡು ಗಂಟೆಗೆ ಅವನನ್ನು ಹುಡುಕಲು ಇಬ್ಬರು ಬಂದರು. ಅವರೂ ಸಂಸ್ಕಾರವಂತರೇ, ಹಾಳಾಗಿಹೋಗಲಿ. ಬಾಗಿಲಲ್ಲೇ ಶುಭ ಹಾರೈಸಿ ಮಿಲ್ಕೊನ ಪಕ್ಕ ಕೂತರು. ಮೂರೂವರೆಗೆ ಈ ಮೂವರನ್ನು ಹುಡುಕಿಕೊಂಡು ಎಂಜಿನಿಯರ್ ಸ್ಲೊಬೊದಾಂಕಾ ಮೇಡಂ ತಾವೇ ಬಂದರು. ಖಡಕ್ ಹೆಂಗಸು. ನಾನು ಅತಿಥಿಯಾಗಿ ಬಂದಿಲ್ಲ, ನನ್ನ ಆಳುಗಳನ್ನು ಕರೆದೊಯ್ಯಲು ಬಂದಿದ್ದೇನೆ ಎಂದು ಹೊಸ್ತಿಲಲ್ಲೇ ಘೋಷಿಸಿದರು. ಸ್ಟೊಯಾದಿನ್‌ನ ಎದೆಯಲ್ಲಿ ಆಸೆ ಚಿಗುರಿತು. ಅಷ್ಟರಲ್ಲಿ ಯಾರೋ ಗೋಧಿಯ ಬಟ್ಟಲು ಹಿಡಿದರು. ಸತ್ತ ಹಿರಿಯರ ಹೆಸರಿನ ಗೋಧಿಗೆ ಬೇಡ ಎನ್ನಲು ಮೇಡಂಗೂ ಧೈರ್ಯವಾಗಲಿಲ್ಲ. ಚಮಚ ಬಾಯಲ್ಲಿದ್ದಾಗಲೇ ಯಾರೋ ಅವರ ಕೋಟು ಬಿಚ್ಚಿಕೊಂಡು ಹೋಗಿ, ಮಲಗುವ ಕೋಣೆಯ ಮಂಚದ ಮೇಲೆ ಉಳಿದ ನಲವತ್ತು ಕೋಟುಗಳ ರಾಶಿಗೆ ಸೇರಿಸಿದರು.

ಹೀಗೆ ಸಂಜೆ ಐದರ ಹೊತ್ತಿಗೆ ವಾಲ್ಯೆವೊ ಊರಿನ ಇಂಟರ್ನೆಟ್ ವಿದ್ಯೆಯೆಲ್ಲ ಸ್ಟೊಯಾದಿನ್‌ನ ಊಟದ ಮೇಜಿನ ಒಂದು ಮೂಲೆಯಲ್ಲಿ ಕೂತು ಮೀನಿನ ಮುಳ್ಳು ಬಿಡಿಸುತ್ತಿತ್ತು. ನಾಲ್ವರೂ ಕಾಯಿಲೆ ಏನಿರಬಹುದೆಂದು ಜೋರಾಗಿ ವಾದಿಸುತ್ತಿದ್ದರು. ಎದ್ದು ನೋಡುವ ಹಾಗಿರಲಿಲ್ಲ. ಯಜಮಾನ ಸಾರಿನ ಸೌಟು ಹಿಡಿದು ನಿಂತು ಗಡಿಯಾರ ನೋಡುತ್ತಿದ್ದ. ಅಷ್ಟರಲ್ಲಿ ಅಕ್ಕನ ಮೆಸೇಜ್ ಬಂತು. ರಾತೊಮಿರ್ ಆಗಲೇ ಮೈದಾನಕ್ಕೆ ಬಂದು ನಿಂತಿದ್ದಾನಂತೆ, ನೀನೆಲ್ಲಿ ಎಂದಿತ್ತು ಅದರಲ್ಲಿ.

ಸ್ಟೊಯಾದಿನ್ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಒಂದು ಗಂಟೆ ಮೊದಲೇ ಬಂದು ಕಾಯುತ್ತಿದ್ದಾನೆ. ಹಂಡೆಗಾಗಿ ಯಾರೂ ಒಂದು ಗಂಟೆ ಮೊದಲೇ ಬಂದು ಕಾಯುವುದಿಲ್ಲ. ಆರು ದಾಟಿದರೆ ಅಣ್ಣ ಬೇಕೆಂದೇ ಬರಲಿಲ್ಲ ಎಂದುಕೊಳ್ಳುತ್ತಾನೆ, ಆಮೇಲೆ ಇನ್ನು ಈ ಜನ್ಮಕ್ಕೆ ಮಾತಿಲ್ಲ. ಅದನ್ನು ನೆನೆದು ಅವನಿಗೆ ದುಃಖ ಒತ್ತರಿಸಿ ಬಂತು.

ರಾದೊಯ್ಕಾ ತಟ್ಟೆ ಇಡಲು ಬಂದವಳು ನೋಡಿದಳು. "ಹಂಡೆಗೋಸ್ಕರ ಅಳ್ತಿದೀಯಾ?"

"ಈರುಳ್ಳಿ."

"ಈರುಳ್ಳಿನ ನಿನ್ನೇನೇ ಹೆಚ್ಚಿ ಮುಗಿಸಿದ್ದಾಯ್ತು, ಸ್ಟೊಯಾ."

ಅವಳು ಸ್ವಲ್ಪ ಹೊತ್ತು ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು ನೆಟ್ಟಗೆ ಹೋಗಿ ಮೇಜಿನ ಮುಂದೆ ನಿಂತಳು.

"ಝಿವಾನಜ್ಜಿ, ಒಂದು ಮಾತು. ಅತಿಥಿ ಕೆಲಸ ಮಾಡೋ ಹಾಗಿಲ್ಲ, ಒಪ್ಪಿದೆ. ಆದ್ರೆ ಅತಿಥಿ ಬಾಯಿಬಿಟ್ಟು ಏನಾದ್ರೂ ಕೇಳಿದ್ರೆ ಯಜಮಾನ ಇಲ್ಲ ಅನ್ನೋ ಹಾಗಿದ್ಯಾ?"

ಇಡೀ ಮೇಜು ಅಜ್ಜಿಯ ಕಡೆ ತಿರುಗಿತು. ಅಜ್ಜಿ ಬಾಯಲ್ಲಿದ್ದ ಮೀನನ್ನು ಅಗಿದು ನುಂಗಿ, ಮೇಲೆ ಒಂದು ಗುಟುಕು ವೈನ್ ಕುಡಿದು, ಕೇಳುವುದರಲ್ಲಿ ತಪ್ಪಿಲ್ಲ, ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ ಎಂದು ತೀರ್ಪಿತ್ತಳು.

ಎಂಜಿನಿಯರ್ ಮೇಡಂಗೆ ಅಷ್ಟು ಸಾಕಾಗಿತ್ತು. ಲೋಟ ಎತ್ತಿದರು. "ಯಜಮಾನ್ರೇ, ನಿಮ್ಮ ಮನೆ ತಣ್ಣಗಿರ್ಲಿ. ನಂಗೊಂದು ಸಣ್ಣ ಆಸೆ. ನಿಮ್ಮ ಮೋಡೆಮ್‌ನ ದೀಪ ಹಸಿರಾ, ಕೆಂಪಾ ಅಂತ ತಿಳ್ಕೊಂಡ್ರೆ ಈ ಸಾರು ಇನ್ನೂ ರುಚಿಯಾಗುತ್ತೆ."

ಎಲ್ಲರೂ ಕುಡಿದರು. ಸ್ಟೊಯಾದಿನ್ ಕುಂಟುತ್ತ ಉಗ್ರಾಣಕ್ಕೆ ಓಡಿ, ಅಷ್ಟೇ ಬೇಗ ಹಿಂದಿರುಗಿ ಬಂದು, ದೀಪ ಕಾಣುವುದೇ ಇಲ್ಲ, ಪಾತ್ರೆ ಅಡ್ಡ ಇದೆ ಎಂದ.

ಮಿಲ್ಕೊನ ಅಮಲು ಇಳಿಯಿತು. "ಯಾವ ಪಾತ್ರೆ? ನಾನು ಹಾಕ್ದಾಗ ಅಲ್ಲಿ ಒಂದು ಉಪ್ಪಿನಕಾಯಿ ಜಾಡಿ ಬಿಟ್ರೆ ಏನೂ ಇರ್ಲಿಲ್ವಲ್ಲ."

ಹದಿನೇಳರಂದು ಇನ್ನೂ ಅಡುಗೆ ಶುರುವಾಗಿರಲಿಲ್ಲ. ಹದಿನೆಂಟರಂದು ರಾದೊಯ್ಕಾ ಇಡೀ ದಿನ ಬೇಯಿಸಿ, ಉಗ್ರಾಣ ತಂಪಾಗಿದೆ ಎಂದು ಎಲ್ಲವನ್ನೂ ಅಲ್ಲೇ ಒಟ್ಟಿದ್ದಳು. ಎಲೆಕೋಸಿನ ಸುರುಳಿ ತುಂಬಿದ ಅಲ್ಯೂಮಿನಿಯಂ ಕೊಳದಪ್ಪಲೆ ಎರಡು, ಈರುಳ್ಳಿ ಹಾಕಿ ಬೇಯಿಸಿದ ಬಿಳಿಕಾಳಿನದು ಮೂರು, ಮೇಲೆ ಮೀನಿನ ತಗಡಿನ ತಟ್ಟೆಗಳು ಚಾವಣಿಯವರೆಗೆ. ಮೋಡೆಮ್ ಅದರ ಹಿಂದೆ ಜೈಲಿನಲ್ಲಿತ್ತು, ವೈಫೈ ಆ ಲೋಹದ ಗೋಡೆ ದಾಟುವಂತಿರಲಿಲ್ಲ. ನಾಲ್ಕು ಜನ ತಜ್ಞರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಡೀ ದಿನ ಅವರು ಉಂಡಿದ್ದು ಆ ಗೋಡೆಯನ್ನೇ, ಆದರೆ ಸಾಕಷ್ಟು ಉಂಡಿರಲಿಲ್ಲ.

ಎತ್ತಿ ಬೇರೆ ಕಡೆ ಇಟ್ಟರಾಯಿತು ಎಂದು ಯಾರೋ ಹೇಳಿದರು. ಎಲ್ಲಿ ಇಡುವುದು? ಮಂಚದ ಮೇಲೆ ಕೋಟಿನ ಬೆಟ್ಟ. ಬಾಲ್ಕನಿಯಲ್ಲಿ ಕಾಗೆಗಳು ಆಗಲೇ ಸಭೆ ಸೇರಿದ್ದವು. ನೆಲದ ಮೇಲೆ ಎಂದು ಮಿಲ್ಕೊ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ಫೋರ್ಕು ಗಾಳಿಯಲ್ಲೇ ನಿಂತಿತು. ಸ್ಲಾವಾದ ಅನ್ನ ನೆಲ ಮುಟ್ಟುವುದೇ? ಮೇಜಿನ ಮೇಲೆ ತಂದರೆ ಬಡಿಸಬೇಕು, ಬಡಿಸಿದರೆ ಉಣ್ಣಬೇಕು. ಬೇರೆ ದಾರಿ ಇರಲಿಲ್ಲ. ಗಂಟೆ ಐದೂ ಇಪ್ಪತ್ತು.

ಉಂಡರು. ಬೆಳಗ್ಗೆ ಹತ್ತರಿಂದ ಉಂಡಿದ್ದ ಜನ ಬೆಲ್ಟ್ ಸಡಿಲಿಸಿ ಮತ್ತೆ ಉಂಡರು. ಯಜಮಾನ ಕರೆಯುವಂತಿಲ್ಲವಾದ್ದರಿಂದ ಅತಿಥಿಗಳೇ ಮೆಟ್ಟಿಲ ಕೆಳಗೆ ಕೂಗಿ ಉಳಿದ ಮನೆಗಳವರನ್ನು ಕರೆತಂದರು. ಮಿಲ್ಕೊ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿ ಉಣ್ಣುತ್ತ ವರದಿ ಕೊಡುತ್ತಿದ್ದ. ಮೀನು ಮುಗಿದಾಗ ವೈಫೈ ಒಂದು ಗೆರೆ ಬಂತು. ಎಲೆಕೋಸಿನ ಮೊದಲ ಕೊಳದಪ್ಪಲೆ ಮುಗಿದಾಗ ಎರಡನೆಯ ಗೆರೆ ಬಂದು ಹೋಯಿತು. ಯಾರದೋ ತಟ್ಟೆಯಲ್ಲಿ ಉಳಿದಿದೆ ಎಂದು ಎಂಜಿನಿಯರ್ ಮೇಡಂ ಗದರಿದರು. ರಾದೊಯ್ಕಾ ಜೀವಮಾನದಲ್ಲಿ ಮೊದಲ ಸಲ ಸ್ಲಾವಾದ ಖಾಲಿ ಪಾತ್ರೆಗಳನ್ನು ಕಂಡು, ಸಂತೋಷಪಡಬೇಕೋ ಅವಮಾನಪಡಬೇಕೋ ತಿಳಿಯದೆ, ಅವನ್ನು ಒಂದರೊಳಗೊಂದು ತೂರಿಸುತ್ತ ಹೋದಳು. ಕಾಳಿನ ಕೊನೆಯ ಪಾತ್ರೆ ಬರಿದಾಗುವ ಹೊತ್ತಿಗೆ ಗಂಟೆ ಐದೂ ಐವತ್ತೇಳು. ಝಿವಾನಜ್ಜಿ ಕಣ್ಣು ಮುಚ್ಚಿ ಕೊನೆಯ ಚಮಚವನ್ನು ಬಾಯಿಗಿಟ್ಟಳು.

ಟಿವಿಯ ಮೇಲೆ ಹಸಿರು ಮೈದಾನ ತೆರೆದುಕೊಂಡಿತು. ನಡುವೃತ್ತದಲ್ಲಿ ಒಬ್ಬ ನೀಲಿ ಅಂಗಿಯವನು ನಿಂತಿದ್ದ.

ಸ್ಟೊಯಾದಿನ್ ಕಂಟ್ರೋಲರ್ ಹಿಡಿದು ನಿಂತ. ಅದರಲ್ಲೇ ಮೈಕ್ ಇತ್ತು. ಹನ್ನೊಂದು ವರ್ಷ ಒಂದೊಂದೇ ಆರಿಸಿ, ಒರೆಸಿ ಇಟ್ಟುಕೊಂಡಿದ್ದ ಬೈಗುಳಗಳು ನಾಲಿಗೆಯ ತುದಿಯಲ್ಲಿದ್ದವು. ಟಿವಿ ಗೊರಗೊರ ಎಂದಿತು. ಆಮೇಲೆ ರಾತೊಮಿರನ ದನಿ ಬಂತು, ಸ್ವಲ್ಪ ಮುದಿಯಾದ ದನಿ.

"ಸ್ಲಾವಾ ಶುಭವಾಗ್ಲಿ, ಯಜಮಾನ."

ಬೈಗುಳಗಳೆಲ್ಲ ಎಲ್ಲಿ ಹೋದವೋ. "ನಿಂಗೂ ಶುಭವಾಗ್ಲಿ" ಎಂದಷ್ಟೇ ಹೇಳಲು ಅವನಿಗಾಯಿತು.

ಆಟ ಶುರುವಾಯಿತು. ಸ್ಟೊಯಾದಿನ್‌ನ ಕೆಂಪು ಅಂಗಿಯವನು ಚೆಂಡು ಹಿಡಿದು ಓಡಿ, ಓಡಿ, ತಮ್ಮನ ಗೋಲಿನ ಬಾಯಿಗೇ ಬಂದ. ಎದುರಿಗೆ ಯಾರೂ ಇರಲಿಲ್ಲ. ಒದೆದರೆ ಗೋಲು, ಗೆದ್ದರೆ ಹಂಡೆ. ಬೆರಳು ಗುಂಡಿಯ ಮೇಲಿತ್ತು, ಒತ್ತಲಾಗಲಿಲ್ಲ. ರಾತೊಮಿರ್ ಶುಭ ಹಾರೈಸಿ ಒಳಗೆ ಬಂದಿದ್ದ. ಟಿವಿಯಲ್ಲೇ ಆಗಲಿ, ಬಂದದ್ದು ಬಂದದ್ದೇ. ಮನೆದೇವರ ದಿನ ಮನೆಗೆ ಬಂದ ಅತಿಥಿಯನ್ನು ಸೋಲಿಸಿ ಕಳಿಸುವುದುಂಟೇ? ಸ್ಟೊಯಾದಿನ್ ಗಿರ್ರನೆ ತಿರುಗಿ ಇಡೀ ಮೈದಾನ ಹಿಂದಕ್ಕೆ ಓಡಿ ತನ್ನದೇ ಗೋಲಿಗೆ ಚೆಂಡು ಒದ್ದ.

ಅಜ್ಜಿ ಸರಿ ಎಂಬಂತೆ ತಲೆಯಾಡಿಸಿದಳು.

"ಏನೋ ಇದು?" ಎಂದ ರಾತೊಮಿರ್.

"ನಮ್ಮನೆಗೆ ಬಂದಿದೀಯ. ಅತಿಥಿ ನೀನು."

"ನಾನೆಲ್ಲಿ ಬಂದೆ? ನಾನು ನಮ್ಮನೇಲೇ ಬೆಳಗ್ಗೆಯಿಂದ ನಿಂತಿದೀನಿ. ನೀನು ಬಂದಿದೀಯ ಇಲ್ಲಿಗೆ, ನಮ್ಮ ಟಿವಿ ಒಳಗೆ" ಎನ್ನುತ್ತ ತಮ್ಮ ಅದೇ ವೇಗದಲ್ಲಿ ತನ್ನ ಗೋಲಿಗೆ ತಾನೇ ಒದ್ದುಕೊಂಡ.

ಅಲ್ಲಿಂದ ಮುಂದಿನದು ಫುಟ್ಬಾಲ್ ಚರಿತ್ರೆಯಲ್ಲಿ ಹಿಂದೆ ಆಗಿರಲಿಕ್ಕಿಲ್ಲ. ಅಣ್ಣ ತನ್ನ ಗೋಲಿನ ಕಡೆ ನುಗ್ಗಿದರೆ ತಮ್ಮನ ಆಟಗಾರರೆಲ್ಲ ಅಡ್ಡ ಬಿದ್ದು ಆ ಗೋಲನ್ನು ಕಾಯುತ್ತಿದ್ದರು. ತಮ್ಮ ನುಗ್ಗಿದರೆ ಅಣ್ಣನ ಜನ ಅಲ್ಲಿ ಎದೆಕೊಟ್ಟು ನಿಲ್ಲುತ್ತಿದ್ದರು. ಇಬ್ಬರೂ ಸೋಲಲು ಜೀವ ಬಿಟ್ಟು ಹೋರಾಡಿದರು. ಆಟದೊಳಗಿನ ವೀಕ್ಷಕ ವಿವರಣೆಗಾರ ಐದನೆಯ ಗೋಲಿನ ನಂತರ ಮಾತೇ ನಿಲ್ಲಿಸಿಬಿಟ್ಟ. ಎಂಟು ಎಂಟು ಸಮ. ಒಂದು ನಿಮಿಷ ಉಳಿದಿತ್ತು, ಚೆಂಡು ರಾತೊಮಿರನ ಕಾಲಲ್ಲಿತ್ತು.

"ಅಣ್ಣಾ," ಎಂದ ಅವನು, "ಎಡಮಂಡಿ ಹೇಗಿದೆ?"

"ಹಾಗೇ ಇದೆ."

"ಬೆಳಗ್ಗೆಯಿಂದ ನಿಂತಿದೀಯಲ್ಲ. ಕೂತ್ಕೋ. ಅಪ್ಪನ ಸ್ಲಾವಾ ತಾನೆ, ಒಬ್ಬ ಯಜಮಾನ ನಿಂತಿದ್ರೆ ಸಾಕು. ನಾನು ನಿಂತಿರ್ತೀನಿ."

ಸ್ಟೊಯಾದಿನ್ ಅಜ್ಜಿಯ ಕಡೆ ನೋಡಿದ. ಅಜ್ಜಿಯ ಹತ್ತಿರ ಇದಕ್ಕೆ ಪದ್ಧತಿ ಇರಲಿಲ್ಲ. ಅವಳು ಸುಮ್ಮನೆ ತನ್ನ ಪಕ್ಕದ ಕುರ್ಚಿಯನ್ನು ಹಿಂದಕ್ಕೆ ಎಳೆದಳು. ಸ್ಟೊಯಾದಿನ್ ಮದುವೆಯಾದಂದಿನಿಂದ ಮೊದಲ ಸಲ ತನ್ನ ಸ್ಲಾವಾದಲ್ಲಿ ಕೂತ. ಕೂತೊಡನೆ ಕಣ್ಣು ತುಂಬಿ ಏನೂ ಕಾಣಲಿಲ್ಲ. ಒರೆಸಿಕೊಂಡು ನೋಡುವಷ್ಟರಲ್ಲಿ ತಮ್ಮ ನಿರಾತಂಕವಾಗಿ ನಡೆದುಹೋಗಿ ತನ್ನ ಗೋಲಿಗೆ ಒಂಬತ್ತನೆಯ ಚೆಂಡು ಸೇರಿಸಿಯಾಗಿತ್ತು. ಆಟ ಮುಗಿಯಿತು.

"ಮೋಸ ಮಾಡ್ದೆ ನೀನು."

"ಮಾಡ್ದೆ. ಹಂಡೆ ನಿಂದು, ತಗೋ."

"ನಿನ್ನ ಬೀಗದ ಕೈ ಇಲ್ದೆ ಅದನ್ನ ತಗೊಂಡು ಏನು ಮಾಡ್ಲಿ ನಾನು?"

"ತರ್ತೀನಿ."

"ಯಾವಾಗ?"

"ನಾಳೆ ಸ್ಲಾವಾದ ಎರಡನೇ ದಿನ ಅಲ್ವಾ. ನಾಳೆ ಬರ್ಲಾ?"

ಸ್ಲಾವಾಕ್ಕೆ ಬರಲಾ ಎಂದು ಯಾರೂ ಕೇಳುವುದಿಲ್ಲ. ಊರ ದಾರಿಹೋಕನೂ ಕೇಳುವುದಿಲ್ಲ. ಸ್ವಂತ ತಮ್ಮ ಕೇಳಿದ. ಆ ಪ್ರಶ್ನೆ ಸ್ಟೊಯಾದಿನ್‌ಗೆ ಹನ್ನೊಂದು ವರ್ಷದ ಮೌನಕ್ಕಿಂತ ಹೆಚ್ಚು ನೋವು ಕೊಟ್ಟಿತು.

"ಕೇಳ್ತಾರೇನೋ ಅದನ್ನ, ಕತ್ತೆ" ಎಂದ.

ಆಗ ರಾದೊಯ್ಕಾ ಗಂಡನ ಕಿವಿಯಲ್ಲಿ, ನಾಳೆ ಅವನ ಮುಂದೆ ಇಡಲು ಮನೆಯಲ್ಲಿ ಬೇಯಿಸಿದ ಒಂದು ಕಾಳೂ ಉಳಿದಿಲ್ಲ, ಎಲ್ಲ ಇಂಟರ್ನೆಟ್ಟಿಗೆ ಹೋಯಿತು ಎಂದಳು. ಸ್ಟೊಯಾದಿನ್ ಎದ್ದ. ಕಂಟ್ರೋಲರನ್ನು ಮಿಲ್ಕೊನ ಮಡಿಲಲ್ಲಿಟ್ಟು ಅಡುಗೆಮನೆಗೆ ಹೋದ. ಇವತ್ತು ಕೆಲಸ ಮಾಡಬಾರದು ಎಂದು ರಾದೊಯ್ಕಾ ಹಿಂದೆಯೇ ಬಂದಳು. ಅವನು ಕೇಳಿಸಿಕೊಳ್ಳದೆ ಡಬ್ಬಿಗಳ ಮುಚ್ಚಳ ತೆಗೆದು ಹುಡುಕಿ, ಬಿಳಿಕಾಳಿನ ಚೀಲವನ್ನು ಅಷ್ಟೂ ದೊಡ್ಡ ಪಾತ್ರೆಗೆ ಸುರಿದು ನೀರು ಬಿಟ್ಟ.

ಮೈದಾನದಲ್ಲಿ ಆಟಗಾರರು ಕೈಕಟ್ಟಿ ನಿಂತಿದ್ದರು.

"ಅಣ್ಣಾ?" ಎಂದಿತು ಟಿವಿ. "ಕನೆಕ್ಷನ್ ಹೋಯ್ತಾ? ಅಣ್ಣಾ, ಇದ್ದೀಯಾ?"

ಮಿಲ್ಕೊ ಎದ್ದು ಕಂಟ್ರೋಲರನ್ನು ಅಡುಗೆಮನೆಯ ಬಾಗಿಲಿಗೆ ಹಿಡಿದ. ಅತಿಥಿಯ ಕೈ ದುಡಿಯುವುದನ್ನು ಕಂಡೂ ಕಾಣದವಳಂತೆ ಝಿವಾನಜ್ಜಿ ವೈನಿನ ಲೋಟ ಎತ್ತಿದಳು.

"ಇದ್ದೀನಿ ಕಣೋ," ಎಂದು ಸ್ಟೊಯಾದಿನ್ ನಲ್ಲಿಯ ಸದ್ದನ್ನು ಮೀರಿ ಕೂಗಿದ, "ಇಲ್ಲೇ ಇದ್ದೀನಿ. ಕಾಳು ನೆನೆ ಹಾಕ್ತಿದೀನಿ."